ಅಯೋರ್ಟಾ ಸೀಳಿದಾಗ ಬಿಪಿಗಿಂತ ಮೊದಲು ನಾಡಿ ಇಳಿಸುವುದೇಕೆ?

ನಿಮ್ಮ ತಂದೆಯವರಿಗೆ ಟೈಪ್ ಬಿ ಅಯೋರ್ಟಿಕ್ ಡಿಸೆಕ್ಷನ್, ಅಂದರೆ ಹೃದಯದಿಂದ ಹೊರಡುವ ಮಹಾರಕ್ತನಾಳ ಅಯೋರ್ಟಾದ ಕೆಳಗಿಳಿಯುವ ಭಾಗದಲ್ಲಿ ಸೀಳು. ಬಿಪಿ 190 ಇದ್ದರೂ ಐಸಿಯುನಲ್ಲಿ ಮೊದಲು ಹಾಕಿದ್ದು ನಾಡಿ ಇಳಿಸುವ ಎಸ್ಮೊಲಾಲ್, ಬಿಪಿ ಡ್ರಿಪ್ ಹಾಕಿದ್ದು ಆಮೇಲೆ. ತಡ ಮಾಡಿದರೇ ಎಂದು ಕೇಳಿದ್ದೀರಿ. ಇಲ್ಲ, ಆ ಕ್ರಮವೇ ಸರಿ. ತಿರುಗುಮುರುಗಾಗಿದ್ದರೆ ನಾನು ಚಿಂತೆ ಮಾಡುತ್ತಿದ್ದೆ.

ಅಯೋರ್ಟಾದ ಒಳಪದರ ಹರಿದು, ರಕ್ತ ಪದರಗಳ ನಡುವೆ ನುಗ್ಗಿ ಹೊಸ ದಾರಿ ಮಾಡಿಕೊಳ್ಳುತ್ತದೆ. ಆ ಸೀಳನ್ನು ಮುಂದಕ್ಕೆ ಒಯ್ಯುವುದು ಬಿಪಿ ಎಷ್ಟಿದೆ ಎಂಬುದೊಂದೇ ಅಲ್ಲ; ಪ್ರತಿ ಬಡಿತದಲ್ಲೂ ಒತ್ತಡ ಎಷ್ಟು ಕಡಿದಾಗಿ ಏರುತ್ತದೆ, ಅಂಥ ಹೊಡೆತ ಎಷ್ಟು ಸಲ ಬೀಳುತ್ತದೆ ಎಂಬುದೂ ಮುಖ್ಯ. ಎಸ್ಮೊಲಾಲ್‌ನಂಥ ಬೀಟಾ ಬ್ಲಾಕರ್ ಔಷಧ ಹೃದಯದ ಸಂಕೋಚನದ ರಭಸ ಮತ್ತು ವೇಗ ಎರಡನ್ನೂ ತಗ್ಗಿಸುತ್ತದೆ. ನಾಡಿ 100ರಿಂದ 60ಕ್ಕೆ ಇಳಿದರೆ ಗಂಟೆಗೆ 2400 ಹೊಡೆತ ಕಡಿಮೆ. 1965ರಲ್ಲಿ ಅಮೆರಿಕದ ವೈದ್ಯ ಮೈರನ್ ವೀಟ್ ಮತ್ತು ಸಂಗಡಿಗರು ಇದಕ್ಕೆ ಔಷಧ ಚಿಕಿತ್ಸೆಯನ್ನು ಮುಂದಿಟ್ಟಾಗಲೂ ತರ್ಕ ಇದೇ ಆಗಿತ್ತು.

ಮೊದಲೇ ನೈಟ್ರೊಪ್ರುಸೈಡ್‌ನಂಥ ರಕ್ತನಾಳ ಹಿಗ್ಗಿಸುವ ಔಷಧ ಕೊಟ್ಟರೆ ಬಿಪಿ ಸರ್ರನೆ ಇಳಿಯುತ್ತದೆ ನಿಜ. ಆದರೆ ದೇಹ ಅದಕ್ಕೆ ಪ್ರತಿಯಾಗಿ ಹೃದಯವನ್ನು ಇನ್ನಷ್ಟು ಜೋರಾಗಿ, ವೇಗವಾಗಿ ಬಡಿಸುತ್ತದೆ. ಮಾನಿಟರ್‌ನಲ್ಲಿ ಚೆಂದದ ಅಂಕಿ, ಒಳಗೆ ಸೀಳು ಮುಂದಕ್ಕೆ. ರಕ್ತನಾಳ ಹಿಗ್ಗಿಸುವ ಇನ್ನೊಂದು ಔಷಧ ಹೈಡ್ರಲಜೀನ್ ಬೇಡವೆನ್ನುವುದಕ್ಕೂ ಕಾರಣ ಇದೇ. ಅದರ ಪರಿಣಾಮವನ್ನು ಅಂದಾಜು ಮಾಡುವುದೂ ಕಷ್ಟ.

ಗುರಿ: ನಾಡಿ 60ರ ಆಸುಪಾಸು ಅಥವಾ ಕೆಳಗೆ, ಮೇಲಿನ ಬಿಪಿ 100ರಿಂದ 120. ಎಸ್ಮೊಲಾಲ್ ಕೆಜಿಗೆ 500 ಮೈಕ್ರೋಗ್ರಾಂ ಒಂದು ನಿಮಿಷದಲ್ಲಿ, ಆಮೇಲೆ ಕೆಜಿಗೆ ನಿಮಿಷಕ್ಕೆ 50 ಮೈಕ್ರೋಗ್ರಾಂನಿಂದ ಶುರುಮಾಡಿ ಅಗತ್ಯವಿದ್ದಂತೆ 200ರವರೆಗೆ. 60 ಕೆಜಿ ರೋಗಿಗೆ ಮೊದಲ ಡೋಸ್ 30 ಮಿಗ್ರಾಂ. ಮಿಲಿಗೆ 10 ಮಿಗ್ರಾಂ ಇರುವ ವಯಲ್‌ನಲ್ಲಿ 3 ಮಿಲಿ. ಪಂಪ್ ಗಂಟೆಗೆ 18 ಮಿಲಿಯಿಂದ ಆರಂಭ. 200ಕ್ಕೆ ಹೋದರೆ ಗಂಟೆಗೆ 72 ಮಿಲಿ, ಅಂದರೆ ದಿನಕ್ಕೆ ಒಂದೂಮುಕ್ಕಾಲು ಲೀಟರ್ ಹತ್ತಿರ ದ್ರವ ಒಳಗೆ ಹೋಗುತ್ತದೆ. ದುರ್ಬಲ ಹೃದಯಕ್ಕೆ ಇದು ಸಣ್ಣ ಮಾತಲ್ಲ. ಎಸ್ಮೊಲಾಲ್‌ನ ದೊಡ್ಡ ಗುಣ ಅದರ ಅರ್ಧಾಯುಷ್ಯ (ರಕ್ತದಲ್ಲಿ ಔಷಧ ಅರ್ಧಕ್ಕಿಳಿಯುವ ಸಮಯ) ಸುಮಾರು 9 ನಿಮಿಷ ಎಂಬುದು. ಆಸ್ತಮಾ ಇದ್ದು ಉಬ್ಬಸ ಬಂದರೆ, ನಾಡಿ ತೀರಾ ಕುಸಿದರೆ, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಪರಿಣಾಮ ಇಳಿಯುತ್ತದೆ.

ಲ್ಯಾಬೆಟಲಾಲ್ ಎಂಬ ಔಷಧ ಒಂದರಿಂದಲೇ ನಾಡಿ, ಬಿಪಿ ಇಳಿಸುವ ಎರಡೂ ಕೆಲಸ ಆಗುತ್ತದೆ: 20 ಮಿಗ್ರಾಂ ಎರಡು ನಿಮಿಷದಲ್ಲಿ, ಹತ್ತು ನಿಮಿಷಕ್ಕೊಮ್ಮೆ 20ರಿಂದ 80, ಒಟ್ಟು 300 ಮಿಗ್ರಾಂವರೆಗೆ, ಅಥವಾ ನಿಮಿಷಕ್ಕೆ 0.5ರಿಂದ 2 ಮಿಗ್ರಾಂ ಡ್ರಿಪ್. ಆದರೆ ಅದರ ಪರಿಣಾಮ ಗಂಟೆಗಟ್ಟಲೆ ಉಳಿಯುತ್ತದೆ, ಹೆಚ್ಚಾದರೆ ಬೇಗ ಹಿಂದೆಗೆಯಲಾಗದು. ಬೀಟಾ ಬ್ಲಾಕರ್ ಆಗದವರಿಗೆ ನಾಡಿ ಇಳಿಸುವ ಬೇರೆ ಬಗೆಯ ಔಷಧ ಡಿಲ್ಟಿಯಜೆಮ್. ನಾಡಿ ಹಿಡಿತಕ್ಕೆ ಬಂದ ಮೇಲೂ ಬಿಪಿ 120 ದಾಟಿದ್ದರೆ ಆಗ ರಕ್ತನಾಳ ಹಿಗ್ಗಿಸುವ ನಿಕಾರ್ಡಿಪೈನ್ ಅಥವಾ ನೈಟ್ರೊಪ್ರುಸೈಡ್. ನೋವು ತಗ್ಗದಿದ್ದರೆ ಇದ್ಯಾವುದೂ ಸರಿಯಾಗಿ ಕೆಲಸ ಮಾಡದು. ಫೆಂಟನಿಲ್ ಅಥವಾ ಮಾರ್ಫಿನ್ ಕೂಡ ಚಿಕಿತ್ಸೆಯ ಭಾಗವೇ.

ಹೆಚ್ಚು ಎಡವುವುದು ಬಿಪಿ ಅಳೆಯುವ ಕೈಪಟ್ಟಿಯಲ್ಲಿ. ಸೀಳು ಒಂದು ಕೈಯ ರಕ್ತನಾಳವನ್ನು ಒತ್ತಿದ್ದರೆ ಆ ಕೈಯಲ್ಲಿ 105, ಇನ್ನೊಂದರಲ್ಲಿ 170 ಬರಬಹುದು. ಕಡಿಮೆಯದನ್ನು ನಂಬಿ ಡ್ರಿಪ್ ಇಳಿಸಿದರೆ ಅಯೋರ್ಟಾ ಅನುಭವಿಸುತ್ತಿರುವುದು 170ನ್ನೇ. ಎರಡೂ ಕೈ ಅಳೆದು, ಹೆಚ್ಚಿರುವ ಕಡೆಯದನ್ನೇ ಲೆಕ್ಕಕ್ಕಿಡಬೇಕು.

ಮೂತ್ರ ಗಂಟೆಗೆ ಕೆಜಿಗೆ 0.5 ಮಿಲಿಗಿಂತ ಕಡಿಮೆಯಾದರೆ ಎರಡು ಅನುಮಾನ: ಬಿಪಿ ಅತಿಯಾಗಿ ಇಳಿದಿದೆ, ಇಲ್ಲವೇ ಕಿಡ್ನಿಯ ರಕ್ತನಾಳಕ್ಕೂ ಸೀಳು ತಗಲಿದೆ. ಎರಡನೆಯದಾದರೆ ಎಷ್ಟು ಔಷಧ ಕೊಟ್ಟರೂ ಬಿಪಿ ಬಗ್ಗದಿರಬಹುದು. ಡೋಸ್ ಏರಿಸುತ್ತಾ ಕೂರದೆ ರಕ್ತನಾಳಗಳ ಸ್ಕ್ಯಾನ್ ಆದ ಸಿಟಿ ಆಂಜಿಯೋ ನೋಡಬೇಕು. ಸ್ಟೆಂಟ್ ಗ್ರಾಫ್ಟ್ (ರಕ್ತನಾಳದೊಳಗೆ ಕೂರಿಸುವ ಬಟ್ಟೆ ಹೊದಿಸಿದ ಜಾಲರಿ ಕೊಳವೆ) ಬೇಕಾಗಬಹುದು. ಇಳಿದ ನೋವು ಮರಳಿದರೂ ಅಷ್ಟೇ.

ಹೃದಯದಿಂದ ಮೇಲೇರುವ ಭಾಗವೇ ಸೀಳಿರುವ ಟೈಪ್ ಎ ಬೇರೆ ಮಾತು. ಅಲ್ಲಿ ಔಷಧವೆಲ್ಲ ಆಪರೇಷನ್ ಥಿಯೇಟರ್ ತಲುಪುವವರೆಗಿನ ಆಸರೆ ಮಾತ್ರ. ಅಯೋರ್ಟಿಕ್ ಕವಾಟ ತೀವ್ರವಾಗಿ ಸೋರುತ್ತಿದ್ದರೆ ಹೃದಯ ವೇಗ ಹೆಚ್ಚಿಸಿಕೊಂಡೇ ರಕ್ತ ಪೂರೈಸುತ್ತಿರುತ್ತದೆ, ಅದನ್ನು ಬಲವಂತವಾಗಿ ನಿಧಾನಿಸಿದರೆ ಕುಸಿಯಬಹುದು. ಹೃದಯದ ಸುತ್ತ ರಕ್ತ ತುಂಬಿ ಬಿಪಿ ಬಿದ್ದವರಿಗೆ ಬೀಟಾ ಬ್ಲಾಕರ್ ಕೊಡುವಂತಿಲ್ಲ. ಎದೆನೋವೆಂದರೆ ಹಾರ್ಟ್ ಅಟ್ಯಾಕ್ ಎಂದೇ ಭಾವಿಸಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟುಬಿಡುವುದು ಎಲ್ಲಕ್ಕಿಂತ ದುಬಾರಿ ತಪ್ಪು.

ನಿಮ್ಮ ತಂದೆಗೆ ಮುಂದೆ ಮೆಟೊಪ್ರೊಲಾಲ್‌ನಂಥ ಮಾತ್ರೆ ಶುರುವಾಗುತ್ತದೆ. ಮಾತ್ರೆ ಹಿಡಿತಕ್ಕೆ ಬರುವವರೆಗೆ ಡ್ರಿಪ್ಪನ್ನು ಒಮ್ಮೆಲೇ ತೆಗೆಯುವುದಿಲ್ಲ. ಮನೆಗೆ ಬಂದ ಮೇಲೆ ಗುರಿ 130/80ರ ಕೆಳಗೆ. ಮಾತ್ರೆ ತೀರಿತೆಂದು ನಾಲ್ಕು ದಿನ ಬಿಟ್ಟರೆ ನಾಡಿ, ಬಿಪಿ ಎರಡೂ ಮೊದಲಿಗಿಂತ ಮೇಲೆ ಜಿಗಿಯಬಹುದು. ಬಿಡುಗಡೆಯ ದಿನ ಯಾವ ಕೈಯಲ್ಲಿ ಬಿಪಿ ನೋಡಬೇಕೆಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸಿಟಿ ದಿನಾಂಕವನ್ನೂ.