ಸಭೆಗೆ ಮೂರೇ ಜನ ಬಂದ್ರು

ಹೆಸರು, ಊರು ಎಲ್ಲಾ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿರೋದು.

ಜನವರಿ ಕೊನೇಲಿ ನನ್ನ ಹತ್ರ ಕೌನ್ಸೆಲಿಂಗ್‌ಗೆ ಒಬ್ರು ಟೀಚರ್ ಬಂದ್ರು, ವಿರಾಜಪೇಟೆ ಕಡೆಯ ಸರ್ಕಾರಿ ಶಾಲೆಯವರು, 58 ವಯಸ್ಸು. ನಿದ್ದೆ ಇಲ್ಲ, ಶಾಲೆ ಗೇಟ್ ಕಂಡ್ರೆ ಎದೆ ಹಿಡ್ಕೊಂಡ ಹಾಗಾಗುತ್ತೆ ಅಂದ್ರು. ಮೊದಲು ಇಸಿಜಿ ಮಾಡಿಸ್ಕೊಂಡು ಬನ್ನಿ ಅಂತ ಕಳಿಸ್ದೆ, ನಾರ್ಮಲ್ ಬಂತು.

2001ರಲ್ಲಿ ಎಸ್‌ಡಿಎಂಸಿ, ಅಂದ್ರೆ ಪೋಷಕರೂ ಸೇರಿ ಶಾಲೆ ನೋಡ್ಕೊಳ್ಳೋ ಕಮಿಟಿ, ಶುರುವಾದಾಗಿಂದ ಅಪ್ಪ ಅಮ್ಮಂದಿರನ್ನ ಶಾಲೆಗೆ ಕರೆತರೋದನ್ನೇ ಇವರು ವ್ರತದ ಹಾಗೆ ಮಾಡ್ಕೊಂಡು ಬಂದಿದಾರೆ, ಮಳೇಲಿ ಜಿಗಣೆ ಕಚ್ಚಿಸ್ಕೊಂಡು ಕಾಫಿ ತೋಟದ ಕೂಲಿಯವರು ಇರೋ ಲೈನ್‌ಮನೆ ಲೈನ್‌ಮನೆ ತಿರುಗಿದಾರೆ. ಈ ಸಲದ ಪೋಷಕರ ಸಭೆಗೆ ಬಂದಿದ್ದು ಮೂರೇ ಜನ. "ಇಪ್ಪತ್ತು ವರ್ಷದ ಮೇಲಾಯ್ತು, ನಾನು ಮಾಡಿದ್ದೆಲ್ಲಾ ನೀರಲ್ಲಿ ಹೋಮ ಅಲ್ವಾ ಮೇಡಂ" ಅಂತ ಅತ್ತುಬಿಟ್ರು. ನಾನು ತಕ್ಷಣ ಇಲ್ಲ ಅನ್ನಲಿಲ್ಲ, ಅಳೋರಿಗೆ ಆಗ ಸಮಾಧಾನ ಬೇಕಿರಲ್ಲ.

ಸಭೆ ಯಾವಾಗ ಇಟ್ಟಿದ್ರಿ ಕೇಳ್ದೆ. ವಾರದ ಮಧ್ಯೆ, ಬೆಳಿಗ್ಗೆ 11ಕ್ಕೆ. ಕಾಫಿ ಕುಯ್ಯೋ ಟೈಮು, ಕೆಜಿ ಲೆಕ್ಕದ ಕೂಲಿ, ಅರ್ಧ ದಿನ ಬಿಟ್ಟು ಬಂದ್ರೆ ಅಷ್ಟು ದುಡ್ಡು ಹೋಯ್ತು. ಇದು ಟೀಚರ್‌ಗೆ ನನಗಿಂತ ಚೆನ್ನಾಗಿ ಗೊತ್ತು, ಆದ್ರೆ ಹಾಜರಿ ಪುಸ್ತಕ ಮೇಲಿನವರಿಗೆ ತೋರಿಸ್ಬೇಕಲ್ಲ, ಆ ಪುಸ್ತಕದ ಕಣ್ಣಲ್ಲೇ ತಮ್ಮನ್ನೂ ನೋಡ್ಕೊಳ್ತಾ ಇದ್ರು.

ಒಂದು ಕೆಲಸ ಕೊಟ್ಟೆ. ಸಭೆಗೆ ಬರದ ಒಬ್ಬೊಬ್ಬ ತಾಯಿ ಮಗುವಿನ ಓದಿನ ಬಗ್ಗೆ ಕೊನೇಸಲ ನಿಮ್ಮ ಹತ್ರ ಏನಂದ್ಳು, ಬರ್ಕೊಂಡು ಬನ್ನಿ ಅಂತ. ಮುಂದಿನ ವಾರ ನಾಲ್ಕು ಪುಟ ಬರ್ಕೊಂಡು ಬಂದ್ರು. ಒಬ್ಬ ಎರವ ಆದಿವಾಸಿ ತಾಯಿ, ಹೆಬ್ಬೆಟ್ಟು ಒತ್ತೋಳು, ತೋಟದ ಲೆಕ್ಕ ಬರೆಯೋ ರೈಟರ್ ಕೊಟ್ಟ ತೂಕದ ಚೀಟಿನ ದಿನಾ ರಾತ್ರಿ ಮಗನ ಕೈಲಿ ಓದಿಸ್ತಾಳಂತೆ, ಎಷ್ಟು ಕೆಜಿ ಬರೆದಿದಾರೆ ನೋಡು ಅಂತ. ಲೆಕ್ಕ ತಪ್ಪಿದ್ರೆ ಮಾರನೇ ದಿನ ಹೋಗಿ ಕೇಳ್ತಾಳಂತೆ. ಇದು ಪೋಷಕರ ಭಾಗವಹಿಸುವಿಕೆ ಅಲ್ದೆ ಇನ್ನೇನು ಟೀಚರ್ ಅಂದೆ. ತುಂಬಾ ಹೊತ್ತು ಸುಮ್ಮನಿದ್ರು.

ಆಮೇಲೆ ಹೇಳಿದ್ದು ಇಷ್ಟು. ಕೊಯ್ಲು ಮುಗಿಯೋವರೆಗೂ ಸಭೆ ಭಾನುವಾರ ಸಂಜೆ ಲೈನ್‌ಮನೆ ಅಂಗಳದಲ್ಲೇ ಇಡಿ, ಅರ್ಧ ಗಂಟೆ ಸಾಕು. ಮಾತು ನೀವು ಶುರು ಮಾಡ್ಬೇಡಿ, ಆ ಚೀಟಿ ತಾಯಿ ಶುರು ಮಾಡ್ಲಿ. ಕಮಿಟೀಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಹೆಂಗಸರು ಇರ್ಬೇಕು ಅಂತ 2009ರ ಶಿಕ್ಷಣ ಹಕ್ಕಿನ (ಆರ್‌ಟಿಇ) ಕಾಯ್ದೆಲೇ ಇದೆ, ಮನೆಮನೆಗೆ ಹೇಳಿ ಬರೋ ಕೆಲಸನಾದ್ರೂ ಅವರಿಗೆ ಬಿಟ್ಟುಕೊಡಿ. ರಾತ್ರಿ 8 ಆದ್ಮೇಲೆ ಶಾಲೆ ಫೋನ್ ಬೇಡ.

ಕೊನೇದು ಅವರಿಗೆ ಕಷ್ಟ ಆಯ್ತು, ಇನ್ನೂ ಪೂರ್ತಿ ಆಗಿಲ್ಲ.

ಏಪ್ರಿಲಲ್ಲಿ ಮತ್ತೆ ಬಂದಿದ್ರು. ಐದು ಗಂಟೆ ನಿದ್ದೆ ಬರ್ತಿದೆ. ಅಂಗಳದ ಸಭೆಗೆ ಎಷ್ಟು ಜನ ಬಂದ್ರು ಅಂತ ನಾನೇ ಕೇಳ್ದೆ, "ಎಣಿಸಲಿಲ್ಲ ಮೇಡಂ, ಚಾಪೆ ಸಾಲದೆ ಗೋಣಿಚೀಲ ಹಾಸಿದ್ರು" ಅಂದ್ರು. ರಿಟೈರ್ ಆದ್ಮೇಲೆ ಏನು ಅನ್ನೋ ಭಯ ಹಾಗೇ ಇದೆ, ಅದಕ್ಕೆ ಜೂನಲ್ಲಿ ಮತ್ತೆ ಕೂರೋಣ ಅಂದಿದೀನಿ.