ರಾಯಚೂರಿನಲ್ಲಿ ಮನೆ ಮುಂದಿನ ಹೂದೋಟಕ್ಕೆ ಫೆಬ್ರವರಿಯಲ್ಲಿ ಗುಂಡಿ ಎಷ್ಟು ಆಳ ತೆಗೆಯಬೇಕು?

ಗುಂಡಿಯನ್ನೇ ತೆಗೆಯಬೇಡಿ. ಗುದ್ದಲಿ ಒಳಗಿಟ್ಟು ಬನ್ನಿ, ಆಮೇಲೆ ಮುಂದೆ ಓದಿ.

ಹೊಸ ಮನೆ, ಮುಂದೆ 15 ಅಡಿಗೆ 20 ಅಡಿ ಖಾಲಿ ಜಾಗ, ಎರೆ (ಕಪ್ಪು) ಮಣ್ಣು. ಚಳಿ ಮುಗಿಯುವುದರೊಳಗೆ ಗುಂಡಿ ತೆಗೆಸಿ, ಟ್ರ್ಯಾಕ್ಟರ್‌ನಲ್ಲಿ ಕೆಂಪು ಮಣ್ಣು ತರಿಸಿ ತುಂಬಿ, ಗುಲಾಬಿ, ಮಲ್ಲಿಗೆ, ಕನಕಾಂಬರ ಹಚ್ಚಬೇಕು ಅಂದಿದ್ದೀರಿ. ನಾನು ಸಿಂಧನೂರಿಗೆ ಬಂದ ಹೊಸದರಲ್ಲಿ ಮಾಡಿದ್ದು ಅಕ್ಷರಶಃ ಇದನ್ನೇ. ಹೂಗಳ ಹೆಸರೂ ಬದಲಿಲ್ಲ.

ನಾನು ಕುಷ್ಟಗಿ ಕಡೆಯವನು. ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣಿನ ಭೂಮಿ. ಅಲ್ಲಿ ಏನು ಹಚ್ಚುವುದಿದ್ದರೂ ಒಂದೂವರೆ ಅಡಿ ಗುಂಡಿ ತೆಗೆದು, ಒಂದಿಷ್ಟು ದಿನ ಬಿಸಿಲಿಗೆ ಬಿಟ್ಟು, ತಿಪ್ಪೆಗೊಬ್ಬರ ಬೆರೆಸಿ ಮುಚ್ಚುವುದು. ಅಪ್ಪ ಹಾಗೇ ಮಾಡುತ್ತಿದ್ದರು, ಗಿಡಗಳು ಬದುಕುತ್ತಿದ್ದವು. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕು ಸಿಂಧನೂರಿಗೆ ಬಂದಾಗ ಆ ಬುದ್ಧಿ ನನ್ನ ಜೊತೆ ಬಂತು. ಮಸಾರಿ ಮಣ್ಣು ಬರಲಿಲ್ಲ.

ಆ ವರ್ಷ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ, ಅಲ್ಲಿಯ ಫಲಪುಷ್ಪ ಪ್ರದರ್ಶನವನ್ನೂ ನೋಡಿಕೊಂಡು ಬಂದೆವು. ಕೆಟ್ಟಿದ್ದು ಅಲ್ಲಿ. ಡೇರೆ, ಸಾಲ್ವಿಯಾ, ಪೆಟೂನಿಯಾ ಸಾಲುಸಾಲು ನಿಂತಿರುತ್ತವೆ, ನೋಡಿದವರ ಕೈ ತುರಿಸುತ್ತದೆ. ಆದರೆ ಅವುಗಳ ಬೀಜ ಬಿದ್ದಿರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜನವರಿಯಲ್ಲಿ ನಾವು ನೋಡುವುದು ಆ ಬೆಳೆಯ ಕೊನೆಯನ್ನು. ಚಳಿಗಾಲದ ಕೊನೆಗೆ ತೋಟಕ್ಕೆ ತಯಾರಾಗಿ ಅಂತ ಯೂಟ್ಯೂಬಿನಲ್ಲಿ ಹೇಳುವ ಬಹುಪಾಲು ಜನ ಹಿಮ ಬೀಳುವ ದೇಶದವರು. ಅವರಿಗೆ ಫೆಬ್ರವರಿ ದಾಟಿದರೆ ವಸಂತ. ನಮಗೆ ಶಿವರಾತ್ರಿ ದಾಟಿದರೆ ಬ್ಯಾಸಗಿ, ಯುಗಾದಿ ಹೊತ್ತಿಗೆ 40 ಡಿಗ್ರಿ.

ಇರಲಿ. ನರ್ಸರಿಗೆ ಹೋಗಿ ಗುಲಾಬಿ, ದುಂಡುಮಲ್ಲಿಗೆ, ನನ್ನ ಹೆಂಡತಿಗೆ ಬೇಕೇ ಬೇಕೆಂದು ಕನಕಾಂಬರ ತಂದೆ. ಗೋಡೆ ಬದಿಗೆ ಸಾಲಾಗಿ ಗುಂಡಿ ತೆಗೆಸಿದೆ. ಒಣಗಿದ ಎರೆಯಲ್ಲಿ ಗುದ್ದಲಿ ಪುಟಿಯುತ್ತದೆ, ಹಾಗಾಗಿ ಹಿಂದಿನ ದಿನ ನೀರು ಬಿಟ್ಟು ಮೆತ್ತಗೆ ಮಾಡಿಕೊಂಡಿದ್ದೆ. ಹಸಿ ಎರೆಯನ್ನು ಹಾರೆಯಿಂದ ಸವರಿದಾಗ ಗುಂಡಿಯ ಒಳಮೈ ನುಣ್ಣಗೆ ಮೆತ್ತಿಕೊಂಡಿತು. ಎಷ್ಟು ಚೆಂದ ಗುಂಡಿ ಅಂತ ಹೆಮ್ಮೆಪಟ್ಟುಕೊಂಡೆ. ಕೆಂಪು ಮಣ್ಣು, ಗೊಬ್ಬರ ತುಂಬಿ ಸಸಿ ಹಚ್ಚಿದೆ.

ಹೋಳಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಗುಲಾಬಿಯ ಎಲೆಯ ಅಂಚು ಸುಟ್ಟಂತಾಗತೊಡಗಿತು. ಬಿಸಿಲಿಗೆ ಬಾಯಾರಿದೆ ಅಂತ ನೀರು ಹೆಚ್ಚು ಮಾಡಿದೆ. ಕನಕಾಂಬರದ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯಿತು, ಗೊಬ್ಬರ ಸಾಲದು ಅಂತ ಯೂರಿಯಾ ಹಾಕಿದೆ. ಮೇಲಿನ ಮಣ್ಣು ಮಧ್ಯಾಹ್ನಕ್ಕೆಲ್ಲ ಒಣಗಿರುತ್ತಿತ್ತು, ಸಂಜೆ ಮತ್ತೆ ಪೈಪ್ ಹಿಡಿದೆ. ರೋಹಿಣಿ ಮಳೆ ಒಂದು ಜೋರಾಗಿ ಹೊಡೆದ ಮೇಲೆ ಒಂದೊಂದೇ ಗಿಡ ನಿಂತಲ್ಲೇ ಬಾಡಿತು. ಗುಲಾಬಿ ಗಿಡವೊಂದನ್ನು ಹಿಡಿದೆಳೆದರೆ ಸಲೀಸಾಗಿ ಕೈಗೆ ಬಂತು. ಬೇರು ಕಪ್ಪಗೆ ಕೊಳೆತಿತ್ತು, ಗುಂಡಿಯ ತಳದಲ್ಲಿ ನಾರುವ ರಾಡಿ. ಮಿಲ್ಲಿನ ಅಂಗಳ ಗುಡಿಸಲು ಬರುತ್ತಿದ್ದ ಅಜ್ಜಿ ನೋಡಿ, “ಎರಿಯಾಗ ಗುಂಡಿ ತಗದು ಮಸಾರಿ ತುಂಬಿದ್ರ ಹರವಿ ಹುಗದಂಗ ಅಲ್ಲೇನಪಾ? ನೀರು ಎತ್ತಾಗ ಹೋಗಬೇಕು ಅದು?” ಅಂದಳು. ಹರವಿ ಅಂದರೆ ನೀರಿನ ಗಡಿಗೆ. ಅಜ್ಜಿ ಜೀವನಪೂರ್ತಿ ಎರೆ ಹೊಲದಲ್ಲಿ ದುಡಿದವಳು. ಫೆಬ್ರವರಿಯಲ್ಲೇ ಅವಳನ್ನು ಕೇಳಬಹುದಿತ್ತು.

ಈ ಒಂದು ವಿಷಯವನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಏಕೆಂದರೆ ನಿಮ್ಮ ಯೋಜನೆ ಪೂರ್ತಿ ಇದರ ಮೇಲೆ ನಿಂತಿದೆ. ಎರೆ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಉಬ್ಬಿದಾಗ ಅದರ ಸಂದುಗಳೆಲ್ಲ ಮುಚ್ಚಿ ನೀರು ಕೆಳಗಿಳಿಯುವುದು ಬಹಳ ನಿಧಾನವಾಗುತ್ತದೆ. ಅದರ ನಡುವೆ ಸಡಿಲ ಕೆಂಪು ಮಣ್ಣು ತುಂಬಿದರೆ, ಹಾಕಿದ ನೀರೆಲ್ಲ ಸರ್ರನೆ ಅದರೊಳಗೆ ಇಳಿದು ಎರೆಯ ಗೋಡೆಗೆ ಬಂದು ನಿಲ್ಲುತ್ತದೆ. ಸುತ್ತಮುತ್ತ ಬಿದ್ದ ಮಳೆನೀರೂ ಅಲ್ಲಿಗೇ ಬರುತ್ತದೆ. ತಳದಲ್ಲಿ ಗಾಳಿಯಿಲ್ಲ, ಬೇರು ಉಸಿರುಗಟ್ಟುತ್ತದೆ. ಉಸಿರುಗಟ್ಟಿದ ಬೇರು ನೀರು ಎಳೆಯುವುದಿಲ್ಲ, ಹಾಗಾಗಿ ನೀರಲ್ಲೇ ನಿಂತ ಗಿಡ ಮೇಲೆ ಬಾಡುತ್ತದೆ. ನಾವು ಅದನ್ನು ಬಾಯಾರಿಕೆ ಅಂದುಕೊಂಡು ಇನ್ನಷ್ಟು ನೀರು ಸುರಿಯುತ್ತೇವೆ. ಹಸಿ ಇದ್ದಾಗ ತೋಡಿ ಗೋಡೆ ಮೆತ್ತಿಸಿದ್ದರೆ ಇದ್ದ ಸಣ್ಣಪುಟ್ಟ ಸಂದೂ ಮುಚ್ಚಿಹೋಗಿರುತ್ತದೆ.

ಎರಡನೆಯದು ಉಪ್ಪು. ನಮ್ಮ ಕಡೆ ಬೋರ್‌ವೆಲ್ ನೀರಿನ ಟಿಡಿಎಸ್ (ನೀರಲ್ಲಿ ಕರಗಿರುವ ಉಪ್ಪಿನ ಅಳತೆ) ಒಮ್ಮೆ ನೋಡಿಸಿ. 1000 ಬಂದರೆ ಲೀಟರಿಗೆ 1 ಗ್ರಾಂ ಉಪ್ಪು ಅಂತ ಅರ್ಥ. ದಿನಕ್ಕೆ 10 ಲೀಟರ್ ಹಾಕಿದರೆ 100 ದಿನಕ್ಕೆ ಒಂದು ಕಿಲೋ ಉಪ್ಪು ಒಂದೇ ಗುಂಡಿಯೊಳಗೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಕೆಳಗೆ ಬಸಿದು ಹೋಗಲು ದಾರಿಯಿದ್ದರೆ ಮಳೆಗಾದರೂ ತೊಳೆದುಹೋದೀತು, ಗುಂಡಿಯಲ್ಲಿ ಆ ದಾರಿಯೇ ಇಲ್ಲ. ಎಲೆಯ ಅಂಚು ಸುಟ್ಟಿದ್ದು ಇದರಿಂದ, ಬಿಸಿಲಿನಿಂದಲ್ಲ. ತುಂಗಭದ್ರಾ ಕಾಲುವೆ ಏರಿಯಾದ ಗದ್ದೆಗಳು ಸವಳು (ಉಪ್ಪು) ಹಿಡಿದಿದ್ದೂ ಇದೇ ತತ್ವದ ಮೇಲೆ: ಬಂದ ನೀರು ಬಸಿದು ಹೋಗಲಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ಭೂಮಿ ಮೇಲೇ ಕೆಲಸ ಮಾಡುತ್ತಾರೆ. ಬಸಿಗಾಲುವೆ ಇಲ್ಲದೆ ಬರೀ ಜಿಪ್ಸಂ ಸುರಿದರೆ ಪ್ರಯೋಜನವಿಲ್ಲ ಅನ್ನುವ ಮಾತು ಹೊಲಕ್ಕೂ ಸರಿ, ನಮ್ಮ ಅಂಗಳಕ್ಕೂ ಸರಿ.

ಹಾಗಾದರೆ ಈಗ ಮಾಡುವುದೇನು? ಸಸಿ ಹಚ್ಚುವುದೊಂದನ್ನು ಬಿಟ್ಟು ಉಳಿದದ್ದೆಲ್ಲ.

ಮೊದಲು ಜಾಗದ ಮೂಲೆಯಲ್ಲಿ ಒಂದೇ ಒಂದು ಅಡಿ ಆಳದ ಕುಣಿ ತೆಗೆದು ನೀರು ತುಂಬಿ. (ಗುಂಡಿ ಬೇಡ ಅಂದವನೇ ಕುಣಿ ತೆಗೆಸುತ್ತಿದ್ದೇನೆ, ನಗಬೇಡಿ.) ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಮೊದಲ ಸಲ ಬಿರುಕುಗಳು ಕುಡಿದುಬಿಡುತ್ತವೆ, ಅದನ್ನು ನಂಬಬೇಡಿ. ಎರಡನೇ ಸಲದ ನೀರು ಮರುದಿನ ಬೆಳಿಗ್ಗೆಯೂ ಅಲ್ಲೇ ನಿಂತಿದ್ದರೆ ನನ್ನ ಮಾತು ಬೇಡ, ಕುಣಿಯೇ ಹೇಳುತ್ತದೆ. ಇನ್ನೊಂದು ಪರೀಕ್ಷೆ: ಬಡಾವಣೆಯ ಶುದ್ಧ ನೀರಿನ ಘಟಕದಿಂದ ತಂದ ಆರ್‌ಒ ನೀರು ಒಂದು ಗಾಜಿನ ಲೋಟದಲ್ಲಿ ಹಾಕಿ, ಕಡಲೆಕಾಳಿನಷ್ಟು ಒಣ ಮಣ್ಣಿನ ಹೆಂಟೆ ಅದರಲ್ಲಿ ಮೆಲ್ಲಗೆ ಬಿಡಿ. ಅಲ್ಲಾಡಿಸಬೇಡಿ. ಹೆಂಟೆ ಪುಡಿಯಾಗಿ ತಳದಲ್ಲಿ ಕುಳಿತು ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಸುತ್ತ ಹಾಲಿನಂಥ ಮಬ್ಬು ಎದ್ದು ಇಳಿಯದೆ ನಿಂತರೆ ಮಣ್ಣಲ್ಲಿ ಸೋಡಿಯಂ ಹೆಚ್ಚಿದೆ, ಜಿಪ್ಸಂ ಬೇಕು. ಎಷ್ಟು ಬೇಕು ಅನ್ನುವುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಊರಲ್ಲಿ ಇಟ್ಟುಕೊಂಡು ಅಂದಾಜಿನ ಮೇಲೆ ಸುರಿಯುವುದೇಕೆ?

ಆಮೇಲೆ ಮಾಗಿ ಉಳುಮೆ. ರೈತರು ಸುಗ್ಗಿ ಮುಗಿಸಿ ಹೊಲವನ್ನು ಹೊಡೆದು ಬಿಸಿಲಿಗೆ ಬಿಡುತ್ತಾರಲ್ಲ, ನಿಮ್ಮ ಅಂಗಳಕ್ಕೂ ಅಷ್ಟೇ ಬೇಕಿರುವುದು. ನೀರು ಬಿಟ್ಟು, ನಾಲ್ಕೈದು ದಿನ ಕಾದು, ಅಂಟದ ಒಡೆಯದ ಹದಕ್ಕೆ ಬಂದಾಗ ಮೇಲಿನ ಅರ್ಧ ಅಡಿ ಮಾತ್ರ ತಿರುವಿ ಹಾಕಿ. ದೊಡ್ಡ ಹೆಂಟೆಗಳನ್ನು ಒಡೆಯಲು ಹೋಗಬೇಡಿ. ಬಿಸಿಲಿಗೆ ಕಾದು, ಮುಂಗಾರಿನ ಮೊದಲ ಮಳೆಗೆ ನೆನೆದರೆ ತಾವೇ ಪುಡಿಯಾಗುತ್ತವೆ. ಎರೆಗೆ ಇರುವ ಒಂದು ಒಳ್ಳೆಯ ಗುಣ ಇದು, ಪುಕ್ಕಟೆ ಕೆಲಸ.

ನೆರಳಿನ ವಿಚಾರದಲ್ಲಿ ಫೆಬ್ರವರಿ ಮೋಸ ಮಾಡುತ್ತದೆ. ಈಗ ಸೂರ್ಯ ದಕ್ಷಿಣಕ್ಕೆ ವಾಲಿದ್ದಾನೆ, 12 ಅಡಿ ಗೋಡೆ ನಡುಮಧ್ಯಾಹ್ನ ಉತ್ತರಕ್ಕೆ ಆರೇಳು ಅಡಿ ನೆರಳು ಚೆಲ್ಲುತ್ತದೆ. ಅದನ್ನು ನೋಡಿ ‘ಇಲ್ಲಿ ತಂಪು’ ಅಂತ ನೀವು ಕನಕಾಂಬರಕ್ಕೆ ಆ ಜಾಗ ಗುರುತು ಹಾಕುತ್ತೀರಿ. ರಾಯಚೂರು ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸು. ಮೇ ಮೊದಲ ವಾರ ಸೂರ್ಯ ಸರಿಯಾಗಿ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ಮೊದಲ ವಾರದ ತನಕ ಮಧ್ಯಾಹ್ನ ಉತ್ತರದ ಬದಿಗೇ ಇರುತ್ತಾನೆ. ಈಗ ತಂಪಿರುವ ಗೋಡೆಬದಿ ಆಗ ಕಾದ ಕಾವಲಿ. ನಂಬಬಹುದಾದದ್ದು ಮನೆಯ ಪೂರ್ವದ ಬದಿ ಮಾತ್ರ. ಬೆಳಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ನಂತರ ಮನೆಯೇ ಅಡ್ಡ ನಿಲ್ಲುತ್ತದೆ. ಕನಕಾಂಬರ, ಗುಲಾಬಿ ಅಲ್ಲಿಗೆ. ಮಲ್ಲಿಗೆಗೆ ಪೂರ್ತಿ ಬಿಸಿಲು ಬಂದರೂ ಬೇಸರವಿಲ್ಲ. ಪಶ್ಚಿಮದ ಗೋಡೆಗೆ ಕಾಗದದ ಹೂವಿನ ಬಳ್ಳಿ ಬಿಟ್ಟು ಮರೆತುಬಿಡಿ.

ತೋಟ ಕಟ್ಟುವುದು ನೆಲದ ಮೇಲೆ. ತಿರುವಿದ ಎರೆಯ ಮೇಲ್ಪದರಕ್ಕೆ ಸ್ವಲ್ಪ ಕೆಂಪು ಮಣ್ಣು, ಗೊಬ್ಬರ ಕಲಸಿ, ಅದರ ಮೇಲೆ ಒಂದರಿಂದ ಒಂದೂವರೆ ಅಡಿ ಎತ್ತರದ ಮಡಿ ಏರಿಸಿ. ನಡುವೆ ಕಲಸಿದ ಪದರ ಇರಲೇಬೇಕು. ಎರಡು ಮಣ್ಣಿನ ನಡುವೆ ಗೆರೆ ಎಳೆದಂತೆ ಬಿಟ್ಟರೆ ನೀರು ಆ ಗೆರೆಗೆ ಬಂದು ನಿಲ್ಲುತ್ತದೆ. ಅಂಚಿಗೆ ಇಟ್ಟಿಗೆ ಯಾಕೆ, ಮನೆ ಕಟ್ಟಿದಾಗ ಉಳಿದ ಶಹಾಬಾದ್ ಪರ್ಸಿ ಕಲ್ಲಿನ ತುಂಡು ನಿಲ್ಲಿಸಿ, ಸಿಮೆಂಟ್ ಹಚ್ಚದೆ. ಮಡಿಗಳ ನಡುವೆ ನೀರು ಹೊರಗೆ ಹರಿದು ಹೋಗಲು ಸಣ್ಣ ಕಾಲುವೆ ಬಿಡಿ. ಮೇಲೆ ಶೇಂಗಾ ಹೊಟ್ಟು ಅಥವಾ ಭತ್ತದ ಹೊಟ್ಟು ಹರಡಿ. ಮಿಲ್ಲಿನ ಬೂದಿ ಮಾತ್ರ ಬೇಡ. ಪುಕ್ಕಟೆ ಸಿಗುತ್ತದೆ ಅಂತ ಎಲ್ಲರೂ ಹೊತ್ತೊಯ್ಯುತ್ತಾರೆ, ನಾನೇ ಮಿಲ್ಲಿನವನು ಹೇಳುತ್ತಿದ್ದೇನೆ. ಬೂದಿ ಕ್ಷಾರ, ನಮ್ಮ ಎರೆ ಮೊದಲೇ ಕ್ಷಾರ. ಮಣ್ಣಲ್ಲಿ ಸುಣ್ಣ ಹೆಚ್ಚಾದಷ್ಟೂ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ನನ್ನ ಕನಕಾಂಬರದ ಎಲೆ ಹಳದಿಯಾಗಿ ನರ ಹಸಿರಾಗಿ ಉಳಿದಿತ್ತಲ್ಲ, ಅದು ಕಬ್ಬಿಣದ ಹಸಿವು. ಅದಕ್ಕೆ ಯೂರಿಯಾ ಹಾಕಿ ಏನೂ ಆಗಲಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸುವುದು ಅದರ ಮದ್ದು.

ಜೂನ್‌ವರೆಗೆ ಸುಮ್ಮನೆ ಕೂರಲು ಆಗುವುದಿಲ್ಲ ಅಂತೀರಿ, ಗೊತ್ತು. ಹಾಗಿದ್ದರೆ ಬ್ಯಾಸಗಿ ಹೂಗಳನ್ನು ಕುಂಡದಲ್ಲಿ ಹಾಕಿ. ಜಿನ್ನಿಯಾ, ಟೇಬಲ್ ರೋಸ್, ಗೈಲಾರ್ಡಿಯಾ ಬೀಜ ಹಾಕಲು ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ಟೇಬಲ್ ರೋಸ್‌ಗೆ ಬೀಜವೂ ಬೇಡ, ಪಕ್ಕದ ಮನೆಯ ಗಿಡದ ಒಂದು ಕಡ್ಡಿ ಮುರಿದು ಚುಚ್ಚಿದರೆ ಸಾಕು. ದೇವಕಣಗಿಲೆ ಈಗ ಎಲೆ ಉದುರಿಸಿ ನಿಂತಿರುತ್ತದೆ, ಒಂದು ಕೊಂಬೆ ಕೇಳಿ ತಂದು, ಕತ್ತರಿಸಿದ ಬಾಯಿ ಒಣಗುವ ತನಕ ವಾರದ ಮಟ್ಟಿಗೆ ನೆರಳಲ್ಲಿಟ್ಟು ನೆಡಿ. ಸೇವಂತಿಗೆ ಹೂ ಮುಗಿಸಿದ ಗಿಡ ಯಾರ ಮನೆಯಲ್ಲಾದರೂ ಇದ್ದರೆ ಬುಡದ ಮರಿ ಕೀಳಿಸಿಕೊಂಡು ನೆರಳಲ್ಲಿ ಜೀವ ಹಿಡಿಸಿಡಿ, ಮಳೆ ಬಂದ ಮೇಲೆ ಮಡಿಗೆ ಹಚ್ಚಿದರೆ ದೀಪಾವಳಿ ಆಸುಪಾಸು ಮೊಗ್ಗು. ಕುಂಡಕ್ಕೆ ಆರ್‌ಒ ಯಂತ್ರದಿಂದ ಹೊರಬರುವ ವೇಸ್ಟ್ ನೀರು ಹಾಕಬೇಡಿ, ಬೋರಿನ ಉಪ್ಪೆಲ್ಲ ಗಟ್ಟಿಯಾಗಿ ಸೇರಿರುವುದು ಅದರಲ್ಲೇ.

ಮಲ್ಲಿಗೆ, ಕನಕಾಂಬರವನ್ನು ಮಿರಗದ (ಮೃಗಶಿರಾ) ಮಳೆ ಬಿದ್ದು ನೆಲ ತಣಿದ ಮೇಲೆ ಹಚ್ಚಿ. ಗುಲಾಬಿಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ನೀರಿನ ಟಿಡಿಎಸ್ 500ರ ಒಳಗಿದ್ದರೆ ಹಚ್ಚಿ, 1000 ದಾಟಿದ್ದರೆ ಆಸೆ ಬಿಡಿ. ಉಪ್ಪು ಅದಕ್ಕೆ ಆಗುವುದಿಲ್ಲ. ಊರಿನ ನಲ್ಲಿ ನೀರು ಹಾಕುತ್ತೇನೆ ಅನ್ನುವವರು ಕಾಲುವೆ ಬಂದ್ ಆದಾಗ ಎಷ್ಟು ದಿನಕ್ಕೊಮ್ಮೆ ನಲ್ಲಿ ಬರುತ್ತದೆ ಅಂತ ಅಕ್ಕಪಕ್ಕದವರನ್ನು ವಿಚಾರಿಸಿ ಮಾತಾಡಿ.

ಕೆಂಪು ಮಣ್ಣಿನ ಟ್ರ್ಯಾಕ್ಟರ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ ಅಂತ ಕೊನೆಗೆ ಬರೆದಿದ್ದೀರಿ. ವಾಪಸ್ ಕೇಳಬೇಡಿ, ಮಡಿ ಏರಿಸಲು ಅದು ಬೇಕು. ಗೇಟಿನ ಬದಿಗೆ ಸುರಿಸಿಕೊಂಡು ತಾಡಪತ್ರಿ ಹೊದಿಸಿಡಿ. ಗುಂಡಿ ತೆಗೆಯುವ ಆಳಿಗೆ ಮಾತ್ರ ಇವತ್ತೇ ಫೋನ್ ಮಾಡಿ ಬೇಡ ಅನ್ನಿ.