ಬಾಯಿ ಬಿಡದ ಅತ್ತೆಗೆ ಮೊಸರಿನ ಮಂಗಮ್ಮ

ಧಾರವಾಡದ ಈ ತಾಯಿಗೆ ಅರವತ್ತು ದಾಟಿದೆ. ಗುರುತು ಸಿಗದ ಹಾಗೆ ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮಗ, ಸೊಸೆ, ಮೊಮ್ಮಗ ಕೆಳಗೆ. ಇವರು ಮಾಳಿಗೆ ಮೇಲೆ. ಅಡುಗೆಯೂ ಬೇರೆ. "ಅವ್ವ ಯಾರ ಜೋಡಿನೂ ಮಾತಾಡವಲ್ಲಳ್ರಿ" ಅಂತ ಮಗನೇ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದ.

ನನ್ನ ಮುಂದೆಯೂ ಅವರದು ಒಂದೇ ಮಾತು: "ಮನಿ ಮಾತು ಹೊರಗ ಹೇಳಬಾರದ್ರಿ." ನಾನು ಒತ್ತಾಯ ಮಾಡಲಿಲ್ಲ. ನಿದ್ದೆ, ಊಟ ಹೇಗಿದೆ, ಬದುಕೇ ಬೇಡ ಅನಿಸುತ್ತದೆಯಾ ಎಂದು ಕೇಳಿದೆ. ಅಂಥ ಯೋಚನೆ ಇರಲಿಲ್ಲ. ಇದ್ದಿದ್ದರೆ ಮೊದಲು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸುತ್ತಿದ್ದೆ. ಮಾತಿನ ನಡುವೆ, ಹಿಂದೆ 'ಕಸ್ತೂರಿ' ಮಾಸಿಕ ಬಿಡದೆ ಓದುತ್ತಿದ್ದೆ ಅಂದರು. ಕತೆಯ ದಾರಿಯಲ್ಲೇ ಹೋಗಬಹುದು ಅನಿಸಲು ನನಗೆ ಅಷ್ಟು ಸಾಕಾಯಿತು.

ಮಾಸ್ತಿಯವರ 'ಮೊಸರಿನ ಮಂಗಮ್ಮ' ಓದಲು ಕೊಟ್ಟೆ. ಅದರಲ್ಲಿ ಸೊಸೆ ಮೊಮ್ಮಗನನ್ನು ಹೊಡೆದದ್ದಕ್ಕೆ ಜಗಳ ಹತ್ತುತ್ತದೆ. ಮಗ ಹೆಂಡತಿಯ ಕಡೆ ನಿಲ್ಲುತ್ತಾನೆ. ಮಂಗಮ್ಮ ಬೇರೆ ಆಗುತ್ತಾಳೆ, ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ಅತ್ತೆ ಸೊಸೆಯರಲ್ಲಿ ಒಬ್ಬರನ್ನೂ ಮಾಸ್ತಿ ಕೆಟ್ಟವರು ಅನ್ನುವುದಿಲ್ಲ. ಮನೆ ಜಗಳದ ಬಗ್ಗೆ ಇದಕ್ಕಿಂತ ಹದವಾದ ಕತೆ ನನಗೆ ಗೊತ್ತಿಲ್ಲ.

ಮುಂದಿನ ವಾರ ಒಂದೇ ಪ್ರಶ್ನೆ ಕೇಳಿದೆ. ಯಾರ ಮೇಲೆ ಸಿಟ್ಟು ಬಂತು? ಸೊಸೆ ಮೇಲೆ ಅನ್ನುತ್ತಾರೆ ಅಂದುಕೊಂಡಿದ್ದೆ.

"ಮಂಗಮ್ಮನ ಮ್ಯಾಲೆರಿ. ಮಗ ಕೈ ತಪ್ಪಿ ಹೋಗ್ತಾನಂತ ಆಕಿಗೆ ಹೆದರಿಕಿ. ಹುಡುಗನ್ನ ಹೊಡದದ್ದು ಸುಮ್ನ ನೆವ." ಸೆರಗಿನ ತುದಿ ಸುತ್ತುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ ಮೊಮ್ಮಗನ ಮೊಬೈಲ್ ವಿಷಯಕ್ಕೆ ಕೆಳಗಿನ ಮನೆಯಲ್ಲಿ ಆದ ಮಾತೆಲ್ಲ ಹೊರಬಂತು. ಮಂಗಮ್ಮನ ಬಗ್ಗೆ ಮಾತಾಡಿದರೆ ಮನೆ ಮಾತು ಹೊರಗೆ ಹೇಳಿದಂತೆ ಆಗುವುದಿಲ್ಲ, ಅಲ್ವಾ?

ಇನ್ನೊಂದು ಸಲ ರಷ್ಯಾದ ಕತೆಗಾರ ಚೆಕಾಫ್ 1886ರಲ್ಲಿ ಬರೆದ ಗಾಡಿಯವನ ಕತೆಯನ್ನು ನಾನೇ ಹೇಳಿದೆ. ಮಗ ಸತ್ತ ಸಂಕಟ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಕೊನೆಗೆ ಅವನು ಕುದುರೆಯ ಮುಂದೆ ಹೇಳಿಕೊಳ್ಳುತ್ತಾನೆ. ಅವತ್ತು ಆ ತಾಯಿ ತೀರಿಕೊಂಡ ಯಜಮಾನರನ್ನು ನೆನೆದು ಅತ್ತರು. ಅವರು ಹೋದ ಮೇಲೆ ಮನೆಯಲ್ಲಿ ಯಾರೂ ಅವರ ಹೆಸರು ಎತ್ತುತ್ತಿರಲಿಲ್ಲವಂತೆ.

ಆನಂದರ 'ನಾನು ಕೊಂದ ಹುಡುಗಿ' ಮಾತ್ರ ಆಗ ಕೊಡಲಿಲ್ಲ. ದೊಡ್ಡ ಕತೆಯೇ. ಆದರೆ ಅದರಲ್ಲಿ ಹುಡುಗಿ ಜೀವ ಕಳೆದುಕೊಳ್ಳುತ್ತಾಳೆ. ಮನಸ್ಸು ಕುಗ್ಗಿದವರ ಕೈಗೆ ಯಾವ ಕತೆ, ಯಾವಾಗ ಎಂದು ನೋಡಿ ಕೊಡಬೇಕು. ತೇಜಸ್ವಿಯವರ 'ತಬರನ ಕತೆ'ಯಲ್ಲಿ ತಬರ ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ, ಅದನ್ನೂ ಮುಂದಕ್ಕೆ ಇಟ್ಟೆ.

ಅವರಿಗೆ ಹೇಳಿದ್ದು ಇಷ್ಟು: ಒಂದು ಸಲಕ್ಕೆ ಒಂದೇ ಕತೆ. ಸಂಜೆ ಹೊತ್ತು, ಸಾಧ್ಯವಾದರೆ ಜೋರಾಗಿ ಓದಿ. ನೀತಿ ಹುಡುಕಬೇಡಿ. ಬೇಜಾರಾದರೆ ಅರ್ಧಕ್ಕೆ ಬಿಡಿ. ಮಗನಿಗೆ ಹೇಳಿದ್ದು ಬೇರೆ: ಇಬ್ಬರ ನಡುವೆ ನ್ಯಾಯ ಮಾಡಲು ಹೋಗಬೇಡ, ಅವ್ವನ ಹತ್ತಿರ ದಿನಾ ಸ್ವಲ್ಪ ಹೊತ್ತು ಕೂತು ಅಪ್ಪನ ಮಾತು ತೆಗೆ. ಸೊಸೆಗೂ ಮಂಗಮ್ಮನ ಕತೆ ಕೊಟ್ಟೆ. ಆಕೆಗೆ ಯಾರ ಮೇಲೆ ಸಿಟ್ಟು ಬಂತು ಎಂಬುದನ್ನು ಅತ್ತೆಗೆ ಹೇಳಿಲ್ಲ.

ಈಗ ರಾತ್ರಿ ಊಟ ಕೆಳಗೆ, ಬೆಳಗಿನ ಚಹಾ ಮೇಲೆ. ಒಲೆ ಪೂರ್ತಿ ಒಂದಾಗಲೇಬೇಕು ಅಂತ ನಾನು ಹೇಳಿಲ್ಲ, ಅವರೂ ಕೇಳಿಲ್ಲ.